ಹಾ ಮತ್ತು ಬೇ

ಲಿಯೆಪಾಯಾದಲ್ಲಿ ಗಾಳಿ ಮನೆಯ ಮಂದಿಯ ಹಾಗೆ,
ಬಾಗಿಲು ತಟ್ಟದೆ ಒಳಗೆ ಬರುತ್ತದೆ.
ಇಗರ್ಜಿಯ ಹಿಂದಿನ ಕೋಣೆಯಲ್ಲಿ
ನಮ್ಮಿಬ್ಬರಿಗೆ ಎರಡು ಕಂಪ್ಯೂಟರು, ಒಂದೇ ಹೀಟರು,
ನಡುವೆ ಕಪ್ಪು ರೊಟ್ಟಿಯ ಚೂರು.

ನಾನು ಮೌಸ್ ಹಿಡಿದು ಬರೆಯುವವಳು.
ಐದು ಗೆರೆಯ ಮೇಲೆ ಕರಿಬೊಟ್ಟು ಇಡುತ್ತೇನೆ,
ಟಣ್ ಎನ್ನುತ್ತದೆ.
ಬಿಲ್ಲಿನಂಥ ಗೆರೆಯನ್ನು ಹಿಡಿದು ಬಗ್ಗಿಸುತ್ತೇನೆ
ಕೂದಲೆಳೆಯಷ್ಟು, ಇನ್ನೊಂದೆಳೆ,
ಅಯ್ಯೋ, ಹೆಚ್ಚಾಯಿತು.
ಒಂದು ಪುಟಕ್ಕೆ ಒಂದು ಸಂಜೆ.
ಆಮೇಲೆ ನಡುವೆ ಒಂದೇ ಒಂದು ಸ್ವರ ತುರುಕಿದರೂ
ಉಳಿದದ್ದೆಲ್ಲ ಗುಳೆ ಹೊರಡುತ್ತದೆ ಮುಂದಿನ ಪುಟಕ್ಕೆ,
ಮಾತುಗಳು ಸ್ವರದ ಕಾಲಡಿಯಿಂದ ಜಾರಿ
ಬೇರೆ ಯಾರದೋ ಮನೆಯಲ್ಲಿ ಮಲಗುತ್ತವೆ.

ಇಲ್ಗ್ವಾರ್ಸ್ ಬರೆಯುವುದು ಬರೀ ಅಕ್ಷರ.
ಅಕ್ಷರ, ಅಂಕಿ,
ಮೇಲಿನ ಸ್ಥಾಯಿಗೆ ಒಂದು ಕೊಕ್ಕೆ,
ಕೆಳಗಿನದಕ್ಕೆ ಅಲ್ಪವಿರಾಮ.
ಬರೆದು ಯಂತ್ರಕ್ಕೆ ಒಪ್ಪಿಸಿ
ಒಲೆಯಲ್ಲಿ ರೊಟ್ಟಿ ಇಟ್ಟವನಂತೆ ಕೈಕಟ್ಟಿ ಕೂರುತ್ತಾನೆ.
ಒಂದು ಆವರಣ ಮುಚ್ಚದಿದ್ದರೆ
ರೊಟ್ಟಿಯೇ ಇಲ್ಲ,
ಸಾಲು ನಲವತ್ತೊಂದು ಎಂಬ ಬೈಗುಳ ಮಾತ್ರ.
ಇದು ಸಂಗೀತವೋ ಕಿರಾಣಿ ಚೀಟಿಯೋ ಎಂದು
ಮೊದಲ ಚಳಿಗಾಲವಿಡೀ ಛೇಡಿಸಿದೆ.
ಕಿರಾಣಿ ಚೀಟಿ ಇಲ್ಲದೆ ಅಡಿಗೆ ಮಾಡುತ್ತೀಯಾ, ಎಂದ.

ಅವನ ಪರದೆ ಯಾವಾಗಲೂ ಕಪ್ಪು.
ಸುಮ್ಮನೆ ಕರೆಂಟು ಯಾಕೆ ದಂಡ, ಎನ್ನುತ್ತಾನೆ.
ಕಿವಿಯೊಳಗೆ ಯಂತ್ರದ ಹೆಂಗಸೊಬ್ಬಳು
ಉಸಿರು ತೆಗೆಯದೆ ಓದುತ್ತಾಳೆ,
ಸಂತೆಯಲ್ಲಿ ಜಗಳ ಕಾಯುವವಳ ವೇಗದಲ್ಲಿ.
ಒಂದು ದಿನ ಅವನ ಕೈಯನ್ನು ನನ್ನ ಮೌಸ್ ಮೇಲಿಟ್ಟೆ,
ಎಳೆದು ನೋಡು, ಎಷ್ಟು ಸುಲಭ.
ಎಳೆದ. ಮೇಜಿನ ತುದಿಯವರೆಗೂ ಎಳೆದ.
ಮೌಸ್ ನೆಲಕ್ಕೆ ಬಿತ್ತು.
ನಿನ್ನ ಕಾಗದ ಎಲ್ಲಿ ಶುರುವಾಗುತ್ತದೆ, ಎಂದು ಕೇಳಿದ,
ನಿಜವಾಗಿಯೂ ತಿಳಿಯಬೇಕೆಂದು.

ನಮ್ಮಲ್ಲಿ ಬೇ ಎಂದರೆ ಇಳಿಸಿದ ಸ್ವರ,
ಇಳಿಸದ್ದು ಹಾ.
ಅವನ ತಂತ್ರಾಂಶಕ್ಕೆ ಬೇರೊಂದು ನಾಡಿನ ಹುಟ್ಟುಭಾಷೆ,
ಅದರ ಬೇ ನಮ್ಮ ಹಾ.
ಯಾವ ಮಾತಿನಲ್ಲಿ ಮಾತಾಡುತ್ತೇವೆಂದು
ನೆತ್ತಿಯ ಮೇಲೆ ಒಂದು ಸಾಲು ಬರೆದಿಡಬೇಕು.
ಆ ನವೆಂಬರಿನಲ್ಲಿ ಇಲ್ಗ್ವಾರ್ಸ್ ಮರೆತ.
ಒಂದೇ ಒಂದು ಹಾ ಇದ್ದಿದ್ದರೂ ಯಂತ್ರ ಅಲ್ಲೇ ಚೀರುತ್ತಿತ್ತು,
ಆ ಹಾಡಿನಲ್ಲಿ ಹಾ ಇರಲಿಲ್ಲ.
ಹದಿನೇಳು ಬೇ,
ಹದಿನೇಳರ ಮುಂದೂ ಇಳಿಸಬೇಡಿ ಎನ್ನುವ ಚೌಕದ ಗುರುತು,
ಎಷ್ಟು ಅಚ್ಚುಕಟ್ಟು!
ನಾನು ಅಂಚು ಅಳೆದೆ, ನಲವತ್ತು ಪ್ರತಿ ತೆಗೆದೆ,
ಬೆಚ್ಚಗಿನ ಕಾಗದವನ್ನು ಎದೆಗವಚಿ ಮೆಟ್ಟಿಲೇರಿದೆ.

ಗುರುವಾರದ ತಾಲೀಮು. ಆರ್ಗನ್ ಇಲ್ಲದ ಹಾಡು.
ಮೂರನೆಯ ಅಳತೆಯಲ್ಲಿ
ಎಂಬತ್ತೊಂದರ ವೆಲ್ತಾ ಒಬ್ಬಳೇ ಇಳಿದಳು,
ಉಳಿದವರೆಲ್ಲ ಮೇಲೆ ನಿಂತರು.
ಎಲ್ಲರ ಕತ್ತೂ ಅವಳತ್ತ.
ಕನ್ನಡಕ ಟ್ರಾಮಿನಲ್ಲಿ ಬಿಟ್ಟೆ, ಕ್ಷಮಿಸಿ,
ಅಮ್ಮ ಹೇಳಿದ ಹಾಗೆ ಹೇಳಿಬಿಟ್ಟೆ, ಎಂದಳು.
ವೆಲ್ತಾ ಸರಿ, ಎಂದ ಇಲ್ಗ್ವಾರ್ಸ್.
ಆಮೇಲೆ ನನ್ನ ಕಡೆಗೆ, ಸರಿಯಾಗಿ ನನ್ನ ಕಡೆಗೇ ತಿರುಗಿ:
ಕಾಗದದಲ್ಲಿ ಏನಿದೆ?
ಹೇಳಿದೆ.
ನೀನು ನೋಡಿದ್ದೆಯಲ್ಲ?
ನೋಡಿದ್ದೆ.

ಅವನು ಕೆಳಗಿಳಿದು ಹೋಗಿ ನೆತ್ತಿಯ ಮೇಲೆ
ಆ ಒಂದು ಸಾಲು ಹಾಕಿದ,
ಹದಿನೇಳೂ ಒಟ್ಟಿಗೆ ಮಂಡಿಯೂರಿದವು.
ನನ್ನದಾಗಿದ್ದರೆ ಹದಿನೇಳು ಸಲ ಎಳೆಯಬೇಕಿತ್ತು, ಎಂದೆ.
ಆಮೇಲೆ, ತಡೆಯಲಾರದೆ,
ನನ್ನದಾಗಿದ್ದರೆ ಇಟ್ಟ ಕೂಡಲೆ ಟಣ್ ಎನ್ನುತ್ತಿತ್ತು.
ಹೌದು, ಎಂದ. ರೊಟ್ಟಿ ಮುರಿದು ಕೊಟ್ಟ.

ಆ ನಲವತ್ತು ಹಾಳೆಗಳ ಬೆನ್ನ ಮೇಲೆ
ಇನ್ನೂ ನನ್ನ ಕಿರಾಣಿ ಚೀಟಿ ನಡೆಯುತ್ತಿದೆ.
ಕೆಲವು ಸಂಜೆ ಪರದೆ ಆರಿಸಿ
ಆ ಹೆಂಗಸನ್ನು ನನ್ನ ಕಿವಿಗೂ ಕರೆಯುತ್ತೇನೆ.
ಅವಳ ವೇಗಕ್ಕೆ ಏನೂ ಹತ್ತುವುದಿಲ್ಲ,
ನಡುನಡುವೆ ಒಂದು ಅಲ್ಪವಿರಾಮ ಮಾತ್ರ.
ಹೊರಗೆ ಗಾಳಿ, ಕೆಳಗಿನ ಸ್ಥಾಯಿಯಲ್ಲಿ.